ಸರಳೆ ಹಾಡುವ ಮನೆ

ಶಾಲೆಯ ಪರೀಕ್ಷೆಗಳು ಮುಗಿದು ರಾಮನವಮಿ ಹತ್ತಿರವಾಗುವ ಹೊತ್ತಿಗೆ ಸಂಗೀತಪಾಠ ಹೇಳುವವರ ಮನೆ ಬಾಗಿಲಲ್ಲಿ ಪುಟ್ಟ ಪುಟ್ಟ ಹೊಸ ಚಪ್ಪಲಿಗಳು ಕಾಣಿಸಿಕೊಳ್ಳುತ್ತವೆ. ಆರೇಳು ವರ್ಷದ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರು ಹಿಂದೆ ಕೇಳುತ್ತಿದ್ದದ್ದು, "ಇವಳಿಗೆ ಕಂಠ ಇದೆಯಾ, ಸ್ವಲ್ಪ ನೋಡಿ ಮೇಷ್ಟ್ರೇ" ಎಂದು. ಈಗ ಕೇಳುವುದು ಬೇರೆ: "ಸಂಗೀತ ಕಲಿತರೆ ಮ್ಯಾಥ್ಸ್ ಚೆನ್ನಾಗಿ ಬರುತ್ತಂತೆ, ಬ್ರೈನ್ ಡೆವಲಪ್ ಆಗುತ್ತಂತೆ, ಹೌದಾ ಮೇಡಂ?" ಪಾಠ ಹೇಳುವವರು ಏನೆಂದಾರು? ಹೌದೆಂದರೆ ಪೂರ್ತಿ ನಿಜವಲ್ಲ, ಇಲ್ಲವೆಂದರೆ ಮಗು ಬಾಗಿಲಿಂದಲೇ ಹಿಂದಿರುಗೀತು. ಆ ಪ್ರಶ್ನೆಗೆ ಈ ವಾರ ನಾನೇ ಉತ್ತರ ಹೇಳಿಬಿಡುತ್ತೇನೆ.

ಈ ನಂಬಿಕೆಯ ಬೇರು 1993ರ ಒಂದು ಸಣ್ಣ ಪ್ರಯೋಗದಲ್ಲಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯಲ್ಲಿ ಫ್ರಾನ್ಸಿಸ್ ರೌಷರ್ ಮತ್ತು ಸಂಗಡಿಗರು 36 ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟನ ಎರಡು ಪಿಯಾನೊಗಳ ಸೊನಾಟಾ ಒಂದನ್ನು ಹತ್ತು ನಿಮಿಷ ಕೇಳಿಸಿದರು. ಆಮೇಲೆ, ಮಡಿಸಿ ಕತ್ತರಿಸಿದ ಕಾಗದ ಬಿಡಿಸಿದಾಗ ಹೇಗೆ ಕಂಡೀತು ಎಂಬಂಥ ಲೆಕ್ಕಗಳನ್ನು ಕೊಟ್ಟರು. ಸಂಗೀತ ಕೇಳಿದ ಮೇಲೆ ಸ್ವಲ್ಪ ಚೆನ್ನಾಗಿ ಮಾಡಿದರು. ಆ ಚುರುಕು ಹತ್ತು ಹದಿನೈದು ನಿಮಿಷಕ್ಕೆ ಇಳಿದುಹೋಯಿತು. ಅಲ್ಲಿ ಮಕ್ಕಳೂ ಇರಲಿಲ್ಲ, ಕಲಿಕೆಯೂ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡುವುದಕ್ಕೆಂದು 1,05,000 ಡಾಲರ್ ಹಣ ಕೇಳಿದರು. ಕಲಿಕೆಯ ಬಗ್ಗೆ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ. 2004ರಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಎಂಬುವರು ಟೊರಾಂಟೊದ 144 ಆರು ವರ್ಷದ ಮಕ್ಕಳಲ್ಲಿ ಕೆಲವರಿಗೆ ಕೀಬೋರ್ಡ್, ಕೆಲವರಿಗೆ ಹಾಡುಗಾರಿಕೆ, ಕೆಲವರಿಗೆ ನಾಟಕ ಕಲಿಸಿ, ಉಳಿದವರಿಗೆ ಏನನ್ನೂ ಕಲಿಸದೆ ಒಂದು ವರ್ಷ ನೋಡಿದರು. ಸಂಗೀತ ಕಲಿತವರ ಬುದ್ಧ್ಯಂಕ ಮಿಕ್ಕವರಿಗಿಂತ ಚೂರು ಹೆಚ್ಚು ಏರಿತು. ಆದರೆ ನಾಲ್ಕು ಜನರೊಡನೆ ಹೊಂದಿಕೊಳ್ಳುವ ಗುಣ ಹೆಚ್ಚಿದ್ದು ನಾಟಕದ ಮಕ್ಕಳಲ್ಲಿ. 2020ರಲ್ಲಿ ಜೊವಾನಿ ಸಾಲಾ ಮತ್ತು ಫೆರ್ನಾಂಡ್ ಗೋಬೆ ಇಂಥ 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಕಟ್ಟುನಿಟ್ಟಾಗಿ ನಡೆದವುಗಳಲ್ಲಿ ಆ ಚೂರು ಲಾಭವೂ ಉಳಿಯಲಿಲ್ಲ.

ಗಣಿತ ಬರಬೇಕಾದರೆ ಗಣಿತವನ್ನೇ ಮಾಡಬೇಕು. ಹೀಗೆ ಹೇಳುವುದರಿಂದ ಸಂಗೀತದ ತೂಕ ಕಡಿಮೆಯಾಯಿತೆಂದು ನನಗೆ ಅನ್ನಿಸುವುದಿಲ್ಲ. ಮಗುವಿಗೂ ಮನೆಗೂ ಸಂಗೀತದಿಂದ ಸಿಗುವುದು ಬಹಳವಿದೆ, ಆದರೆ ಅದು ಹೆಚ್ಚಾಗಿ ಸಿಗುವುದು ಎದುರಿಗೆ ಕೂತು ಹಾಡುವ ಮನುಷ್ಯರಿಂದ. ಮೂಲೆಯಲ್ಲಿ ಹಚ್ಚಿಟ್ಟ ಸ್ಪೀಕರಿಗೆ ಅಷ್ಟು ಶಕ್ತಿಯಿಲ್ಲ.

ಜೋಗುಳದಿಂದಲೇ ಶುರುಮಾಡೋಣ. ನಮ್ಮ ತೊಟ್ಟಿಲ ಹಾಡುಗಳು, ಲಾಲಿಗಳು ಹೆಚ್ಚಾಗಿ ನೀಲಾಂಬರಿ, ನವರೋಜು, ಕುರಂಜಿಯಂಥ ರಾಗಗಳ ಸುತ್ತ ಓಡಾಡುತ್ತವೆ. ನವರೋಜು ಮಂದ್ರದ ಪಂಚಮದಿಂದ ಮಧ್ಯದ ಪಂಚಮದವರೆಗೆ ಮಾತ್ರ ಸಂಚರಿಸುವ ರಾಗ. ಕುರಂಜಿಯೂ ಅಷ್ಟೇ, ತಾರಷಡ್ಜದ ಕಡೆಗೆ ತಲೆ ಎತ್ತುವುದಿಲ್ಲ. ನಡುರಾತ್ರಿ ಅರೆನಿದ್ದೆಯಲ್ಲಿ ಎದ್ದ ತಾಯಿ ಗಂಟಲಿಗೆ ಶ್ರಮವಿಲ್ಲದೆ, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸದೆ ಹಾಡಬಹುದಾದ ರಾಗಗಳಿವು. ಇದನ್ನು ಯಾರೂ ಕೂತು ಯೋಜಿಸಿದ್ದಿರಲಾರದು, ತೊಟ್ಟಿಲು ತೂಗಿದ ಎಷ್ಟೋ ತಲೆಮಾರಿನ ಹೆಂಗಸರು ತಮಗೆ ಒಗ್ಗಿದ್ದನ್ನು ಉಳಿಸಿಕೊಂಡಿದ್ದಾರೆ. ಮಾಂಟ್ರಿಯಲ್ಲಿನ ಸಂಶೋಧಕರು 2015ರಲ್ಲಿ ಒಂದು ವಿಷಯ ಪ್ರಕಟಿಸಿದರು: ಪರಿಚಯವೇ ಇಲ್ಲದ ಭಾಷೆಯಲ್ಲಿ ಹಾಡಿದರೂ ಕೂಸುಗಳು ಸುಮಾರು ಒಂಬತ್ತು ನಿಮಿಷ ಅಳದೆ ಸಮಾಧಾನವಾಗಿರುತ್ತವೆ, ಮುದ್ದುಮಾತು ಆಡಿದರೆ ನಾಲ್ಕು ನಿಮಿಷವಾಗುತ್ತಲೂ ಸಿಡುಕಲು ಶುರುಮಾಡುತ್ತವೆ. ತಾಯಂದಿರಿಗೆ ಇದು ಹೊಸ ಸಂಗತಿಯೇನಲ್ಲ. ನನ್ನ ಮನಸ್ಸನ್ನು ಹೆಚ್ಚು ತಟ್ಟಿದ್ದು ಅದಕ್ಕಿಂತ ಎರಡು ವರ್ಷ ಮೊದಲು ಜೊವಾನ್ ಲೋವಿ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸ. ಅಮೆರಿಕದ 11 ಆಸ್ಪತ್ರೆಗಳ ತೀವ್ರನಿಗಾ ಘಟಕಗಳಲ್ಲಿದ್ದ, ದಿನ ತುಂಬುವ ಮೊದಲೇ ಹುಟ್ಟಿದ 272 ಶಿಶುಗಳಿಗೆ ಅವರು ಹಾಡು ಕೇಳಿಸಿದರು, ಎದುರಿಗೆ ನಿಂತು, ಮೆಲ್ಲಗೆ. ಹಾಡನ್ನು ಆರಿಸಿದವರು ಅಪ್ಪ ಅಮ್ಮ, ಅವರ ಮನೆಯದೇ ಹಾಡು. ಶಿಶುಗಳ ಎದೆಬಡಿತ ನಿಧಾನಕ್ಕೆ ಬಂತು, ಹಾಲು ಚೀಪುವುದು ಸುಧಾರಿಸಿತು. ಗಾಜಿನ ಪೆಟ್ಟಿಗೆಯ ಆಚೆ ದಿಗಿಲುಗೊಂಡು ನಿಂತಿದ್ದ ತಾಯ್ತಂದೆಯರ ಕಳವಳವೂ ಇಳಿಯಿತು. ಬಾಣಂತಿ ಕೋಣೆಯ ಮಂಚದ ಪಕ್ಕ ಮೊಬೈಲಿನಲ್ಲಿ ಜೋಗುಳ ಹಚ್ಚಿಡುವವರಿಗೆ ನಾನು ಕೈಮುಗಿದು ಕೇಳುವುದಿಷ್ಟೇ: ಅದನ್ನು ಆರಿಸಿ, ನೀವೇ ಹಾಡಿ. ಶ್ರುತಿ ತಪ್ಪಿದರೂ ಆ ಶ್ರೋತೃ ಎದ್ದು ಹೋಗುವುದಿಲ್ಲ.

ಇನ್ನು ಸರಳೆ. ಕರ್ನಾಟಕ ಸಂಗೀತದ ಈ ಮೊದಲ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಟ್ಟಿಕೊಟ್ಟವರು ಪುರಂದರದಾಸರು ಎಂಬುದು ನಮ್ಮ ಪರಂಪರೆಯ ಮಾತು. ಹದಿನೈದನೆಯ ಮೇಳದ ಈ ರಾಗವೇ ಯಾಕೆ? ಷಡ್ಜದಿಂದ ರಿಷಭಕ್ಕೆ ಪುಟ್ಟ ಹೆಜ್ಜೆ, ರಿಷಭದಿಂದ ಗಾಂಧಾರಕ್ಕೆ ದೊಡ್ಡ ಜಿಗಿತ, ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಪುಟ್ಟ ಹೆಜ್ಜೆ. ಪಂಚಮದಿಂದ ಮೇಲಕ್ಕೂ ಇದೇ ಅಳತೆ. ಸರಿಗಮ ಕೂತ ಮಗುವಿಗೆ ಪದನಿಸ ಅರ್ಧ ಬಂದಂತೆಯೇ. ಅಂತರಗಳು ಒಂದು ತೀರ ಹತ್ತಿರ, ಒಂದು ಬಲು ದೂರ ಇರುವುದರಿಂದ ಸ್ವರ ಜಾರಿದರೆ ಮಗುವಿನ ಕಿವಿಗೇ ತಿಳಿಯುತ್ತದೆ. ತಂಬೂರಿಯ ಮುಂದೆ ರಿಷಭವನ್ನು ಷಡ್ಜಕ್ಕೆ ಅಂಟದಂತೆ, ದೂರವೂ ಓಡದಂತೆ ನಿಲ್ಲಿಸುವುದು ಆರು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ. ಇದರ ಜೊತೆಗೆ ಬಲಗೈ ತೊಡೆಯ ಮೇಲೆ ಆದಿತಾಳ ಹಾಕುತ್ತಿರಬೇಕು. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ, ಒಟ್ಟು ಎಂಟು ಎಣಿಕೆ. ಒಂದನೇ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕೈ ಓಡುವಂತಿಲ್ಲ, ಬಾಯಿ ಮಾತ್ರ ಓಡಬೇಕು. ಮೊದಮೊದಲು ಎಲ್ಲ ಮಕ್ಕಳ ಕೈಯೂ ಬಾಯಿಯ ಹಿಂದೆ ಓಡುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕೈ ತನ್ನ ಪಾಡಿಗೆ ನಿಂತುಬಿಡುತ್ತದೆ. ಆ ದಿನ ಮಗುವಿನ ಮುಖ ನೋಡಬೇಕು! ಯಾರೂ ಹೊಗಳಬೇಕಾಗಿಲ್ಲ, ತನಗೆ ಬಂತೆಂದು ಅದಕ್ಕೇ ಗೊತ್ತಾಗಿರುತ್ತದೆ.

ಸರಳೆಯ ಮುಂದಿನ ಪಾಠಗಳಾದ ಜಂಟಿ, ದಾಟು, ಅಲಂಕಾರಗಳನ್ನು ದಾಟಿ ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೆ ಬರುವಾಗ ಸ್ವರಸ್ಥಾನಗಳೆಲ್ಲ ಪರಿಚಿತವೇ ಆಗಿರುತ್ತವೆ, ನಿಷಾದ ಮಾತ್ರ ಬಿಟ್ಟುಹೋಗಿರುತ್ತದೆ. ಮಕ್ಕಳಿಗೆ ಮೊದಲ ಬಾರಿ ಹಾಡಿದ ಸುಖ ಸಿಗುವುದು ಇಲ್ಲಿ. ಆದರೆ ಈ ಹೊತ್ತಿಗೇ ಎಷ್ಟೋ ಮನೆಗಳಲ್ಲಿ ಸಂಗೀತದ ಜೂನಿಯರ್ ಪರೀಕ್ಷೆಯ ಮಾತು ಏಳುತ್ತದೆ, ಸರಳೆಯನ್ನು ಮೂರು ತಿಂಗಳಲ್ಲಿ ಮುಗಿಸಿಕೊಡಿ ಎಂಬ ಒತ್ತಾಯವೂ ಬರುತ್ತದೆ. ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಸರಳೆಯನ್ನು ಮಾತ್ರ ಅವಸರಿಸಬೇಡಿ. ಮುಂದೆ ವರ್ಣ, ಕೃತಿ ಎಲ್ಲ ನಿಲ್ಲುವುದು ಅದರ ಮೇಲೆ. ಮಗು ಮನೆಯಲ್ಲಿ ಸಾಧನೆಗೆ ಕೂತಾಗ ದೊಡ್ಡವರೊಬ್ಬರು ಜೊತೆಗೆ ಕೂತು ತಾಳ ಹಾಕಿದರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ತಾವೂ ಕಲಿಯುತ್ತಾ ಹೋಗುವ ಅಜ್ಜಿಯರನ್ನು ನಾನು ಬಹಳ ಮಂದಿ ಕಂಡಿದ್ದೇನೆ.

ಗಂಡುಮಕ್ಕಳ ವಿಷಯ ಒಂದಿದೆ. ಹನ್ನೆರಡು ಹದಿಮೂರಕ್ಕೆ ಧ್ವನಿ ಒಡೆಯುತ್ತಲೂ ಪಾಠ ನಿಂತುಹೋಗುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದ ಹುಡುಗ ಕಂಗಾಲಾಗಿ, ನಾಚಿ, ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಶ್ರುತಿ ಇಳಿಸಿ, ಮೆಲ್ಲಗೆ ಮಂದ್ರದಲ್ಲಿ ಹಾಡಿಸಿ, ಇಲ್ಲವೇ ಒಂದೆರಡು ವರ್ಷ ಮೃದಂಗವನ್ನೋ ಕೊಳಲನ್ನೋ ಹಿಡಿಸಿ. ಕಿವಿ ಸಂಗೀತದಲ್ಲೇ ಇದ್ದರೆ ಗಂಟಲು ಹಿಂದಿರುಗುತ್ತದೆ.

ಮಕ್ಕಳಿಗೆ ಸಂಗೀತದಿಂದ ಏನು ಪ್ರಯೋಜನ ಎಂದು ಕೇಳುವವರು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಮ್ಮೆ ಹೋಗಿಬರಬೇಕು. ಹಾನಗಲ್ಲ ಸೀಮೆಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಕಲಿತ ಅವರು, ತಮ್ಮಂಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸುತ್ತುತ್ತಾ ಪಾಠ ಹೇಳಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಅವರು 2010ರಲ್ಲಿ ತೀರಿಕೊಳ್ಳುವವರೆಗೆ ಅಂಧ, ಅನಾಥ, ಬಡ ಮಕ್ಕಳಿಗೆ ಅನ್ನ, ಆಸರೆ, ವಿದ್ಯೆ ಮೂರನ್ನೂ ಕೊಟ್ಟರು. ಆ ಖರ್ಚಿಗಾಗಿ ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. ಜಾತಿ ಮತ ಕೇಳಲಿಲ್ಲ. ಪಂಚಾಕ್ಷರ ಗವಾಯಿಗಳಿಂದ ಬಸವರಾಜ ರಾಜಗುರುಗಳು, ಪುಟ್ಟರಾಜರಿಂದ ವೆಂಕಟೇಶ ಕುಮಾರರು ನಾಡಿಗೆ ಸಿಕ್ಕರು ಎಂದು ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಆದರೆ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಹೆಸರಾಗದೆ ಉಳಿದ ಶಿಷ್ಯರ ಸಾಲು: ಶಾಲೆಯಲ್ಲಿ ಹಾಡು ಕಲಿಸುವವರು, ಪುರಾಣ ಪ್ರವಚನಕ್ಕೆ ತಬಲಾ ಹಾರ್ಮೋನಿಯಂ ನುಡಿಸುವವರು, ಕೀರ್ತನಕಾರರು. ಭಿಕ್ಷೆಗೆ ಕೈಯೊಡ್ಡಿ ಬದುಕಬೇಕೆಂದು ಊರು ತೀರ್ಮಾನಿಸಿದ್ದ ಮಕ್ಕಳು ಸಂಸಾರ ಹೂಡಿ, ಮನೆ ಕಟ್ಟಿ, ತಾವೇ ನಾಲ್ಕು ಜನಕ್ಕೆ ಪಾಠ ಹೇಳಿದರು. ಬುದ್ಧ್ಯಂಕದ ಪಟ್ಟಿಯಲ್ಲಿ ಇದು ಎಲ್ಲಿ ಕಂಡೀತು?

ಆರೋಗ್ಯದ ಮಾತಿಗೆ ಬಂದರೆ, ಈ ರಾಗಕ್ಕೆ ಸಕ್ಕರೆ ಕಾಯಿಲೆ, ಆ ರಾಗಕ್ಕೆ ರಕ್ತದೊತ್ತಡ ಎಂಬ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಅವುಗಳ ಹಿಂದೆ ಗಟ್ಟಿ ಆಧಾರವನ್ನು ನಾನು ಕಂಡಿಲ್ಲ. ಆಧಾರ ಇರುವ ಕಡೆ ಮಾತ್ರ ಫಲ ಬೆರಗುಗೊಳಿಸುವಷ್ಟಿದೆ. ಹೆಲ್ಸಿಂಕಿಯಲ್ಲಿ ಟೆಪ್ಪೊ ಸರ್ಕಾಮೊ ಮತ್ತು ಸಂಗಡಿಗರು ಪಾರ್ಶ್ವವಾಯು ಹೊಡೆದ 60 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಎರಡು ತಿಂಗಳು ದಿನವೂ ಅವರವರ ಮೆಚ್ಚಿನ ಹಾಡು ಕೇಳಿಸಿದರು, ಇನ್ನೊಂದಕ್ಕೆ ಓದಿದ ಪುಸ್ತಕಗಳನ್ನು ಕೇಳಿಸಿದರು, ಮೂರನೆಯದಕ್ಕೆ ಏನೂ ಇಲ್ಲ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಾಡು ಕೇಳಿದವರ ನೆನಪು, ಗಮನ ಹೆಚ್ಚು ಸುಧಾರಿಸಿದವು, ಖಿನ್ನತೆ ಕಡಿಮೆಯಾಗಿತ್ತು. ಪಾರ್ಶ್ವವಾಯುವಿನಿಂದ ಮಾತು ಬಿದ್ದುಹೋದವರು ಕೂಡ ಹಳೆಯ ಹಾಡನ್ನು ಸೊಲ್ಲು ಸಮೇತ ಹಾಡಿಬಿಡುವುದುಂಟು, ಮಾತಿನ ಕೇಂದ್ರವಿರುವ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿದ್ದರೂ ಹಾಡಿಗೆ ಬಲಭಾಗದ ನೆರವು ಇರುವುದರಿಂದ. ಇದನ್ನೇ ಹಿಡಿದು 1973ರಲ್ಲಿ ಬಾಸ್ಟನ್ನಿನ ವೈದ್ಯರು ಒಂದು ಚಿಕಿತ್ಸೆ ರೂಪಿಸಿದರು: ಬೇಕಾದ ಮಾತನ್ನು ರಾಗವಾಗಿ ಎಳೆದು ಹೇಳಿಸುವುದು, ಅಕ್ಷರಕ್ಕೊಮ್ಮೆ ರೋಗಿಯ ಎಡಗೈ ತಟ್ಟಿಸುವುದು. ಪಾರ್ಕಿನ್ಸನ್ ಕಾಯಿಲೆಯವರ ತಡವರಿಸುವ ನಡಿಗೆಗೂ ಹದವಾದ ತಾಳ ಕೇಳಿಸಿದರೆ ಲಯ ಸಿಗುತ್ತದೆ, ಹೆಜ್ಜೆ ಉದ್ದವಾಗುತ್ತದೆ.

ಇದಕ್ಕೆ ಮನೆ ಏನು ಮಾಡಬೇಕು? ಹಾಡುಗಳ ಒಂದು ಗಂಟು ಇಟ್ಟುಕೊಳ್ಳಬೇಕು. ಮುಂದೊಂದು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಅಜ್ಜನಿಗೆ ಹಾಡಬೇಕಾದರೆ ಅವರ ಹಾಡು ಯಾವುದೆಂದು ಮೊಮ್ಮಕ್ಕಳಿಗೆ ಗೊತ್ತಿರಬೇಕಲ್ಲ. ಗೊಂಬೆ ಕೂರಿಸಿದ ಮನೆಗೆ ಹೋದಾಗ "ಒಂದು ಹಾಡು ಹೇಳು ಪುಟ್ಟಿ, ಆಮೇಲೆ ಗೊಂಬೆ ಬಾಗಿನ" ಎನ್ನುತ್ತಿದ್ದ ಪದ್ಧತಿ ಎಷ್ಟು ಹಾಡುಗಳನ್ನು ಮಕ್ಕಳ ಬಾಯಿಗೆ ಹತ್ತಿಸಿತ್ತು! ಆರತಿ ಹಾಡು, ಸೋಬಾನೆ, ಪ್ರಯಾಣದ ಅಂತ್ಯಾಕ್ಷರಿ, ಕರಾವಳಿಯ ಸಂಜೆಯ ಭಜನೆ, ಯಾವುದೂ ಆದೀತು. ಅಪ್ಪನಿಗೆ ಸಿನಿಮಾ ಹಾಡಷ್ಟೇ ಬಂದರೆ ಅದನ್ನೇ ಹಾಡಲಿ. ಶಾಸ್ತ್ರೀಯವೇ ಆಗಬೇಕೆಂಬ ಹಟದಲ್ಲಿ ಮನೆ ಮೌನವಾಗಿರುವುದು ನನಗೆ ಒಪ್ಪಿಗೆಯಿಲ್ಲ.

ರಾಮನವಮಿಯ ಹೊತ್ತಿಗೆ ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಅನುಕೂಲ ಇದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮೋತ್ಸವ. 1939ರಲ್ಲಿ ಶುರುವಾದ ಮಂಡಳಿ ಇದು, ಮಕ್ಕಳನ್ನು ಕರೆದೊಯ್ಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಬಯಲು ಚಪ್ಪರವಾದ್ದರಿಂದ ಮಗು ಎದ್ದು ಓಡಾಡಿದರೂ ಯಾರೂ ಕಣ್ಣು ಬಿಡುವುದಿಲ್ಲ. ಧ್ವನಿವರ್ಧಕದ ಎದುರು ಮಾತ್ರ ಕೂರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿಗೆ ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್ ಮಿತಿ, ಮಕ್ಕಳಿಗೆ 75, ಇದು ಇಯರ್‌ಫೋನಿಗೂ ಅನ್ವಯಿಸುವ ಮಾತು. ಮೃದಂಗದವರ ಬಲಗೈ ಕಾಣುವ ಕಡೆ, ಪಕ್ಕಕ್ಕೆ ಜಾಗ ಹಿಡಿಯಿರಿ. ರಾಗಾಲಾಪನೆಗೆ ಮಗು ನಿದ್ದೆಹೋದರೆ ತೊಡೆಯ ಮೇಲೆ ಹಾಕಿಕೊಳ್ಳಿ, ತನಿ ಆವರ್ತನಕ್ಕೆ ಎಬ್ಬಿಸಿ. ಘಟದವರು ಮೃದಂಗಕ್ಕೆ ಉತ್ತರ ಕೊಡುತ್ತಾ, ಸುತ್ತುಗಳು ಚಿಕ್ಕದಾಗುತ್ತಾ ಬಂದು ಇಬ್ಬರೂ ಕೂಡಿ ಮುಕ್ತಾಯಕ್ಕೆ ಓಡುವಾಗ ಅದರ ಕೈಹಿಡಿದು ತಾಳ ಹಾಕಿಸಿ. ಅದಾದ ಮೇಲೆ ಮನೆಗೆ ಹೋಗೋಣ ಎಂದು ಮಗು ಕೇಳಿದರೆ ಎದ್ದುಬಿಡಿ. ಕಡೆಯ ದೇವರನಾಮಗಳನ್ನು ಮುಂದಿನ ವರ್ಷ ಕೇಳಬಹುದು.