ಶುಚಿಕಾರ್ಯದ ಗುತ್ತಿಗೆ ಮತ್ತು ಸುಸ್ಥಿರತೆಯ ವರದಿ

ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2021ರಲ್ಲಿ ವಿಧಿಸಿದ ‘ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ’ಯ ನಮೂನೆಯನ್ನು ನಾವು ಇಲ್ಲಿ ಒಂದು ಗದ್ಯಪ್ರಕಾರವೆಂದೇ ಭಾವಿಸಿ ಪರಾಮರ್ಶಿಸಿದ್ದೇವೆ. ಮಾರುಕಟ್ಟೆಯ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ ಇದು 2022-23ರಿಂದ ಕಡ್ಡಾಯವಾಯಿತು. ಒಂಬತ್ತು ತತ್ತ್ವಗಳು, ನೀರಿಗೆ ಕಿಲೋಲೀಟರು, ಕಸಕ್ಕೆ ಟನ್ನು. ಈ ಅಳತೆಯ ಶಿಸ್ತು ಮೆಚ್ಚತಕ್ಕದ್ದೇ.

ಆದರೆ ಕಂಪನಿಯ ನೆಲವನ್ನು ಒರೆಸುವ ಹೆಂಗಸು ಈ ಗದ್ಯದಲ್ಲಿ ಎಲ್ಲಿದ್ದಾಳೆ? ಇದ್ದರೆ, ‘ಕಾಯಂ ಅಲ್ಲದ ಕೆಲಸಗಾರರು’ ಎಂಬ ಸಾಲಿನಲ್ಲಿ, ಕಾವಲುಗಾರ, ಮಾಲಿ, ಹಮಾಲಿಗಳೊಡನೆ ಬೆರೆತ ಒಂದು ಅಂಕಿಯಾಗಿ. ಅಲ್ಲಿ ಗಂಡು ಹೆಣ್ಣೆಂಬ ವಿಂಗಡಣೆಯುಂಟು. ಕೆಲಸ ಯಾವುದೆಂಬ ವಿಂಗಡಣೆಯಿಲ್ಲ. ಭವಿಷ್ಯನಿಧಿಯನ್ನು ಕುರಿತ ಪ್ರಶ್ನೆಯೂ ಉಂಟು, ನಿಜ. ಉತ್ತರ ಮಾತ್ರ ಇಡೀ ಕಂಪನಿಗೆ ಅನ್ವಯಿಸುವ ಶೇಕಡಾ ಲೆಕ್ಕ. ಗುಡಿಸುವವರಲ್ಲಿ ಎಷ್ಟು ಮಂದಿಗೆ ಅದು ಸಂದಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಾಸರಿಯೆಂಬುದು ಮರೆಮಾಚುವ ಕಲೆಯೂ ಹೌದೆಂದು ನಮ್ಮ ಅಭಿಪ್ರಾಯ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂಥ ಊರುಗಳಿಗೆ ಬಂದರೆ ನಮೂನೆಯ ವ್ಯಾಪ್ತಿಯೇ ಮುಗಿಯುತ್ತದೆ. ಕಾಲೇಜು, ಆಸ್ಪತ್ರೆ, ಕಲ್ಯಾಣಮಂಟಪಗಳನ್ನು ಶುಚಿಮಾಡಿಸುವ ಸಣ್ಣ ಗುತ್ತಿಗೆದಾರ ಷೇರುಪೇಟೆಯ ಮುಖ ಕಂಡವನಲ್ಲ. ಅವನಿಗೆ ಈ ವರದಿಯ ಬಾಧ್ಯತೆಯಿಲ್ಲ. ಹೊಣೆಯ ಮೂಲದಾಖಲೆ ಅಲ್ಲಿ ಹಾಜರಿ ಪುಸ್ತಕ, ಸಂಬಳದ ಪಟ್ಟಿ ಮತ್ತು ಗುತ್ತಿಗೆಯ ಕರಾರು. ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ತೊಳೆದ ನೀರು ಎಲ್ಲಿಗೆ ಹರಿಯಿತೆಂದು ಬರೆದಿಡುವ ಕಾಲಂ ಇವಾವುದರಲ್ಲಿಯೂ ಕಾಣದು. ಸರ್ಕಾರಿ ಕಾಲೇಜಿನ ಗುತ್ತಿಗೆಯಾದರೆ 2005ರ ಮಾಹಿತಿ ಹಕ್ಕು ಕಾಯಿದೆಯನ್ವಯ ಆ ಕರಾರನ್ನು ಕೇಳುವ ಅವಕಾಶವಾದರೂ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಂಟು. ಖಾಸಗಿ ಕಲ್ಯಾಣಮಂಟಪದ ಬಾಗಿಲಲ್ಲಿ ಆ ದಾರಿಯೂ ನಿಲ್ಲುತ್ತದೆ.