ಧಾರವಾಡದ ಹತ್ತಿಗಾಗಿ ಹುಡುಕಿದ ಬಂದರು

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಬಿಡುವ ಹೊತ್ತಿಗೆ ಹೊರಟರೆ ಉಪಾಹಾರ ದಾಂಡೇಲಿಯಲ್ಲಾಗುತ್ತದೆ. ಮುಂದೆ ಜೋಯಿಡಾ, ಅಣಶಿ ಘಾಟಿ, ಕದ್ರಾ. ಅಲ್ಲಿಂದ ಕಾಳಿ ನದಿಯ ಜೊತೆಜೊತೆಗೇ ಇಳಿದು ಹನ್ನೊಂದರ ಸುಮಾರಿಗೆ ಕಾರವಾರ. ನಮ್ಮ ಕಡೆಯ ಬಹಳಷ್ಟು ಮಂದಿಗೆ ಈ ಊರು ಗೋವಾಕ್ಕೆ ಹೋಗುವ ಹಾದಿಯಲ್ಲಿ ಚಹಾ ಕುಡಿಯುವ ಜಾಗ. ನನಗೆ ಇದು ಬೇಸರದ ಸಂಗತಿ. ಧಾರವಾಡದವರು ಇಡೀ ಒಂದು ದಿನ ಕೊಟ್ಟು ನೋಡಲೇಬೇಕಾದ ಊರಿದು.

ಬಂದವರು ಮೊದಲು ಬೀಚಿಗೆ ಓಡುತ್ತಾರೆ. ಅದು ಸಂಜೆಗಿರಲಿ. ಕಾಳಿ ಸೇತುವೆ ದಾಟಿ ಸದಾಶಿವಗಡ ಏರಿ. ಮಧ್ಯಾಹ್ನಕ್ಕೆ ಮೊದಲು ಸೂರ್ಯ ಬೆನ್ನ ಹಿಂದಿರುತ್ತಾನೆ, ಕಡಲು ಕಣ್ಣು ಕುಕ್ಕುವುದಿಲ್ಲ. ಸೋದೆಯ ಅರಸ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ ಇದು. ಕೆಳಗೆ ಕಾಳಿಯ ಹಸಿರುಗಂದು ನೀರು ಸಮುದ್ರದ ನೀಲಿಯೊಳಗೆ ನುಗ್ಗಿ, ಸ್ವಲ್ಪ ದೂರ ಬೇರೆಯಾಗಿಯೇ ಹರಿದು, ಆಮೇಲೆ ಕರಗುತ್ತದೆ. ಆಚೆ ಕೂರ್ಮಗಡ, ದೇವಗಡ ದ್ವೀಪಗಳು. ದಕ್ಷಿಣಕ್ಕೆ ಗುಡ್ಡದ ಮಗ್ಗುಲಲ್ಲಿ ಬೈತಖೋಲ ಬಂದರು. ಗುಡ್ಡಗಳೇ ಬಂದರಿಗೆ ಗೋಡೆಯಾಗಿರುವುದು ಇಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ.

ಈ ನೋಟ ನಮಗೆ ಬೇರೆಯವರಿಗಿಂತ ಹೆಚ್ಚು ಸಲ್ಲಬೇಕು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಂತಿತು. ಗಿರಣಿ ಮಾಲೀಕರ ಕಣ್ಣು ಧಾರವಾಡದ ಎರೆಹೊಲಗಳ ಮೇಲೆ ಬಿತ್ತು. ಹತ್ತಿ ಸಾಗಿಸಲು ಹತ್ತಿರದ ಬಂದರು ಬೇಕು. ಆರಿಸಿದ್ದು ಕಾರವಾರವನ್ನೇ. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯ ಒತ್ತಡವೂ ಇತ್ತು. ಘಾಟಿ ರಸ್ತೆ ಕಡಿಯುವ ಕೆಲಸ ನಡೆಯಿತು, ಯಂತ್ರಗಳೂ ಹಡಗಿನಲ್ಲಿ ಬಂದವು. ಆದರೆ 1865ಕ್ಕೆ ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು. 1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ರೈಲು ಹೋಯಿತು, ನಮ್ಮ ಸರಕೂ ಅದರ ಹಿಂದೆ ಹೋಯಿತು. ಗೋವಾದ ಕಡೆ ನಮ್ಮ ಮುಖ ತಿರುಗಿದ್ದು ಆಗಿನಿಂದಲೇ ಎಂದು ನಾನು ನಂಬುತ್ತೇನೆ. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತಂತೂ ಇನ್ನೂ ಮಾತಾಗಿಯೇ ಇದೆ.

ಊಟಕ್ಕೆ ಬಂಗುಡೆಯ ರವಾ ಫ್ರೈ, ಕುಚ್ಚಲಕ್ಕಿ ಅನ್ನ, ಕೊನೆಗೆ ಸೋಲಕಡಿ. ರೊಟ್ಟಿಯ ಹೊಟ್ಟೆಗೆ ಸೋಲಕಡಿ ಮೊದಲ ಸಲ ಹುಳಿ ಎನಿಸಬಹುದು, ಎರಡನೇ ಲೋಟ ಕೇಳಿ ನೋಡಿ. ಆಮೇಲೆ ದಂಡೆಯಲ್ಲಿ ನಿಲ್ಲಿಸಿರುವ ಚಪಲ್ ಯುದ್ಧನೌಕೆಯೊಳಗೆ ಹೋಗಿ. ತಲೆ ಬಗ್ಗಿಸದೆ ಒಂದು ಬಾಗಿಲೂ ದಾಟಲಾಗದು. ಒಬ್ಬರ ಮೇಲೊಬ್ಬರಂತೆ ಜೋಡಿಸಿದ ಮಲಗುವ ಹಲಗೆಗಳನ್ನು ಕಂಡರೆ ನಾವಿಕರ ಬದುಕು ಯಾರೂ ಹೇಳದೆ ತಿಳಿಯುತ್ತದೆ.

ಬಿಸಿಲಿಳಿದ ಮೇಲೆ ಟಾಗೋರ್ ಬೀಚಿನಲ್ಲಿ ಕೂತುಕೊಳ್ಳಿ. ಹೆಸರು ಸುಮ್ಮನೆ ಬಂದದ್ದಲ್ಲ. ಇಪ್ಪತ್ತೆರಡರ ಹರೆಯದಲ್ಲಿ ರವೀಂದ್ರನಾಥರು ಇಲ್ಲಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿಯ ನ್ಯಾಯಾಧೀಶರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲೆ ಸಾಗಿ, ಗುಡ್ಡದ ಕೋಟೆಯ ಬಳಿ ಇಳಿದು, ರೈತನೊಬ್ಬನ ಅಂಗಳ ಸೇರಿದ್ದನ್ನು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದೂ ಇಲ್ಲಿಯೇ.

ಕತ್ತಲಾದ ಮೇಲೆ ಅಣಶಿಯ ಕಾಡುದಾರಿ ಬೇಡ. ಅಂಕೋಲಾ, ಅರಬೈಲ್ ಘಾಟಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಬನ್ನಿ. ಮುಂದಿನ ಸಲ ಗೋವಾಕ್ಕೆಂದು ಹೊರಟಾಗ ಕಾಳಿ ಸೇತುವೆ ದಾಟಿದ ಕೂಡಲೇ ಗಾಡಿ ನಿಲ್ಲಿಸಿ. ಗುಡ್ಡ ಅಲ್ಲೇ ಇದೆ.