ನಾಲ್ಕಕ್ಕೆ ಏಳೋ ಮುರಕಾಮಿ

ಹರುಕಿ ಮುರಕಾಮಿ ಕಾದಂಬರಿ ಬರೆಯುವಾಗ ಬೆಳಗಿನ ಜಾವ ನಾಲ್ಕಕ್ಕೆ ಏಳ್ತಾನೆ, ಐದಾರು ಗಂಟೆ ಬರೀತಾನೆ, ಹತ್ತು ಕಿಲೋಮೀಟರ್ ಓಡ್ತಾನೆ. ಅವನ ಒಂದು ಪುಸ್ತಕವನ್ನೂ ಓದದವರಿಗೂ ಈ ಟೈಮ್‌ಟೇಬಲ್ ಬಾಯಿಪಾಠ. ಆದರೆ ಮೊದಲ ಕಾದಂಬರಿ ಹುಟ್ಟಿದ್ದು ಹಾಗಲ್ಲ. 1978ರಲ್ಲಿ ಅವನಿಗೆ 29. ಟೋಕಿಯೋದಲ್ಲಿ ಜಾಝ್ ಬಾರ್ ನಡೆಸ್ತಿದ್ದ. ರಾತ್ರಿ ಬಾಗಿಲು ಹಾಕಿ ಬಂದು ಅಡುಗೆಮನೆ ಮೇಜಿನ ಮೇಲೆ ಬರೆದದ್ದು ಅದು.

ಬೇಸ್‌ಬಾಲ್ ಮ್ಯಾಚ್ ನೋಡ್ತಾ ಕಾದಂಬರಿ ಬರೀಬೇಕು ಅನ್ನಿಸಿದ ಕಥೆ ಎಲ್ಲರೂ ಹೇಳ್ತಾರೆ. ನನಗೆ ಅದರ ಮುಂದಿನದು ಮುಖ್ಯ. ಬರೆದದ್ದು ಅವನಿಗೇ ಸಪ್ಪೆ ಅನ್ನಿಸ್ತು. ಟೈಪ್‌ರೈಟರ್ ತೆಗೆದು, ಆರಂಭದ ಭಾಗವನ್ನು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಬರೆದ. ಗೊತ್ತಿದ್ದ ಪದ ಕಮ್ಮಿ, ಹಾಗಾಗಿ ವಾಕ್ಯವೂ ಗಿಡ್ಡ. ಅದನ್ನೇ ತಿರುಗಿ ಜಪಾನಿ ಭಾಷೆಗೆ ತಂದ. 'ಸಾಹಿತ್ಯ' ಅಂತ ತಲೆ ಮೇಲೆ ಕೂತಿದ್ದ ಭಾರ ಅಲ್ಲಿ ಇಳೀತು. 1979ರಲ್ಲಿ ಬಂದ ಆ ಕಾದಂಬರಿಯಲ್ಲಿ ಕಥೆ ತೆಳು, ನಿಜ. ದನಿ ಮಾತ್ರ ಅವನದೇ.

ಹಳ್ಳಿಯಿಂದ ಬಂದ ನಮಗೆ ಅರೆಬರೆ ಇಂಗ್ಲಿಷ್ ಅಂದ್ರೆ ನಾಚಿಕೆ. ಅವನಿಗೆ ಅದೇ ಜರಡಿ ಆಯ್ತು. ನಾವೋ, ಮನೇಲಿ 'ಮಳೆ ಹೊಯ್ತು' ಅನ್ನೋರು, ಬರೆಯಕ್ಕೆ ಕೂತರೆ 'ವರ್ಷಧಾರೆ' ಸುರಿಸ್ತೀವಿ. ಅಲಾರಂ ನಾಲ್ಕಕ್ಕೆ ಇಟ್ಟರೆ ಇದು ಹೋಗಲ್ಲ. ಅವನೂ ಬೇಗ ಮಲಗಿ ಬೇಗ ಏಳೋಕೆ ಶುರುಮಾಡಿದ್ದು ಎರಡು ಕಾದಂಬರಿ ಬರೆದು, ಬಾರ್ ಮಾರಿದ ಮೇಲೆ.